ಎಣಿಕೆಗೆ ಬಂದವರು, ಗಣನೆಗೆ ಬಾರದವರು: ಸುಡಾನಿನ 1953ರ ಚುನಾವಣೆ

(ಪುಣೆಯಲ್ಲಿ ನಮ್ಮ ಸಂಘದ ತಿಂಗಳ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘದ ವೇದಿಕೆಯಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಕೇಳಿ ರೂಢಿಯಾದ ತಮಗೆ, ಈ ಸಂಜೆ ಆಫ್ರಿಕದ ಒಂದು ಚುನಾವಣೆಯ ಕಥೆಯನ್ನು ಹೇಳಹೊರಟಿರುವುದು ವಿಚಿತ್ರವೆನಿಸಬಹುದು. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆ ಬಳಿಕ ಕೇಂದ್ರ ಸರಕಾರದ ಕಡತಗಳ ನಡುವೆ ವಯಸ್ಸು ಕಳೆದವನು ನಾನು. ಓದಿದ ಇತಿಹಾಸ, ಮಾಡಿದ ನೌಕರಿ ಎರಡೂ ಒಂದೆಡೆ ಕೂಡುವ ವಿಷಯ ನನಗೆ ದೊರೆತಿರುವುದು ಇದೊಂದೇ. ಆದುದರಿಂದ ಕ್ಷಮೆಯಿರಲಿ.

ವಿಷಯ ದೂರದ್ದಾದರೂ ಅದರ ಒಂದು ಕುರುಹು ನಮ್ಮ ಊರಿನ ಮಗ್ಗುಲಲ್ಲೇ ಇದೆ. ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡವನ್ನು ತಮ್ಮಲ್ಲಿ ಹಲವರು ನೋಡಿದ್ದೀರಿ. ಕೆಂಪು ಕಲ್ಲಿನ, ಗುಮ್ಮಟವುಳ್ಳ ಆ ಕಟ್ಟಡದ ಹೆಸರು ‘ಸುಡಾನ್ ಬ್ಲಾಕ್’. ಎರಡನೆಯ ಮಹಾಯುದ್ಧದಲ್ಲಿ ಸುಡಾನನ್ನು ರಕ್ಷಿಸಲು ಹೋರಾಡಿದ ಭಾರತೀಯ ಸೈನಿಕರ ನೆನಪಿಗಾಗಿ ಅಲ್ಲಿನ ಸರಕಾರ ಒಂದು ಲಕ್ಷ ಪೌಂಡುಗಳನ್ನು ನೀಡಿತ್ತು. ದೇಶವಿಭಜನೆಯ ನಂತರ ಭಾರತದ ಪಾಲಿಗೆ ಬಂದ 70 ಸಾವಿರ ಪೌಂಡುಗಳು ಈ ಕಟ್ಟಡಕ್ಕೆ ಸಂದವು. ಸೈನಿಕರ ಋಣವನ್ನು ಸುಡಾನ್ ಹೀಗೆ ಕಲ್ಲಿನಲ್ಲಿ ತೀರಿಸಿತು. ಆದರೆ ನಮ್ಮವರೊಬ್ಬರು ಆ ನಾಡಿಗೆ ಬಂದೂಕವಿಲ್ಲದೆ ಹೋಗಿ ಮಾಡಿಬಂದ ಇನ್ನೊಂದು ಕೆಲಸವಿದೆ. ಅದಕ್ಕೆ ಇಲ್ಲಿ ಯಾವ ಗುಮ್ಮಟವೂ ಇಲ್ಲ.

ಅವರು ಸುಕುಮಾರ್ ಸೇನ್. ಬಂಗಾಳಿ ಸಾಹಿತ್ಯದ ಇತಿಹಾಸ ಬರೆದ ಸುಕುಮಾರ್ ಸೇನರು ಬೇರೆ, ಇವರು ಐ.ಸಿ.ಎಸ್. ಅಧಿಕಾರಿ, ಭಾರತದ ಮೊದಲ ಮುಖ್ಯ ಚುನಾವಣಾ ಆಯುಕ್ತರು. 1950ರ ಮಾರ್ಚಿಯಲ್ಲಿ ಅಧಿಕಾರ ವಹಿಸಿಕೊಂಡು, 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿಯವರೆಗೆ ನಮ್ಮ ಮೊದಲ ಮಹಾಚುನಾವಣೆಯನ್ನು ನಡೆಸಿದವರು. 17 ಕೋಟಿಗೂ ಮೀರಿದ ಮತದಾರರು. ಅವರಲ್ಲಿ ಬಹುಪಾಲು ಜನ ಅಕ್ಷರವರಿಯದವರು. ಅದಕ್ಕಾಗಿ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿಹ್ನೆ. ಆ ಚುನಾವಣೆಯ ಒಂದು ಸಂಗತಿಯನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಉತ್ತರದ ಕೆಲವು ಪ್ರಾಂತಗಳಲ್ಲಿ ಹೆಣ್ಣುಮಕ್ಕಳು ತಮ್ಮ ಸ್ವಂತ ಹೆಸರನ್ನು ಹೇಳದೆ ‘ಇಂಥವನ ತಾಯಿ’, ‘ಇಂಥವನ ಹೆಂಡತಿ’ ಎಂದು ಬರೆಸಿದ್ದರು. ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇರಿಸಿಕೊಳ್ಳಲಾಗದೆಂದು ಸೇನರು ನಿರ್ಧರಿಸಿದುದರಿಂದ ಸುಮಾರು 28 ಲಕ್ಷ ಸ್ತ್ರೀಯರು ಆ ಸಲ ಮತಪಟ್ಟಿಯಿಂದ ಹೊರಗುಳಿದರು. ನಿಯಮ ಸರಿಯಾಗಿತ್ತು, ನಷ್ಟವೂ ನಿಜವಾಗಿತ್ತು. ಚುನಾವಣೆಯ ಇಡೀ ಧರ್ಮಸಂಕಟ ಈ ಒಂದು ಪ್ರಸಂಗದಲ್ಲಿ ಅಡಗಿದೆ.

ಈಗ ಸುಡಾನಿಗೆ ಬರೋಣ. 1898ರಲ್ಲಿ ಒಮ್ದುರ್ಮಾನಿನ ಯುದ್ಧದಲ್ಲಿ ಮಹ್ದಿಯ ಅನುಯಾಯಿಗಳ ರಾಜ್ಯ ಬಿದ್ದಿತು. ಮರುವರ್ಷ ಬ್ರಿಟನ್ ಮತ್ತು ಈಜಿಪ್ಟ್ ಎರಡೂ ಸೇರಿ ಆಳುವ ವಿಲಕ್ಷಣ ವ್ಯವಸ್ಥೆಯೊಂದು ಹುಟ್ಟಿತು. ಕಾಗದದ ಮೇಲೆ ಇಬ್ಬರು ಯಜಮಾನರು. ನಡೆಯುತ್ತಿದ್ದುದು ಬ್ರಿಟಿಷ್ ಗವರ್ನರ್ ಜನರಲನ ಮಾತು. ಹತ್ತಿರ ಹತ್ತಿರ ಹತ್ತು ಲಕ್ಷ ಚದರ ಮೈಲಿ ವಿಸ್ತಾರದ ಆ ನಾಡಿನ ಉತ್ತರಭಾಗ ಅರಬ್ಬಿ ಮಾತನಾಡುವ ಮುಸಲ್ಮಾನರದು. ದಕ್ಷಿಣದಲ್ಲಿ ಡಿಂಕಾ, ನುವೆರ್, ಶಿಲ್ಲುಕ್, ಅಜಾಂದೆ ಮೊದಲಾದ ಜನ. ಅವರ ಭಾಷೆ ಬೇರೆ, ದೈವ ಬೇರೆ. 1920ರ ದಶಕದಿಂದ ಬ್ರಿಟಿಷರು ದಕ್ಷಿಣಕ್ಕೆ ಬೇಲಿ ಹಾಕಿದರು. ಉತ್ತರದವರು ಪರವಾನಗಿ ಇಲ್ಲದೆ ಅಲ್ಲಿಗೆ ಹೋಗುವಂತಿರಲಿಲ್ಲ. ಶಿಕ್ಷಣವನ್ನು ಕ್ರೈಸ್ತ ಮಿಷನರಿಗಳಿಗೆ ಒಪ್ಪಿಸಲಾಯಿತು. 1947ರ ಜೂನಿನ ಜೂಬಾ ಸಮ್ಮೇಳನದ ಹೊತ್ತಿಗೆ, ಎರಡೂ ಭಾಗಗಳು ಒಂದೇ ದೇಶವಾಗಿ ಉಳಿಯಬೇಕೆಂಬ ತೀರ್ಮಾನ ಸರಕಾರದ ಮಟ್ಟದಲ್ಲಿ ಆಗಿಹೋಗಿತ್ತು. ಕಾಲು ಶತಮಾನ ಬೇಲಿ ಹಾಕಿ ಬೆಳೆಸಿದ್ದನ್ನು ಒಂದು ದಿನ ಬೇಲಿ ಕಿತ್ತು ‘ಇನ್ನು ನೀವು ಒಂದೇ ಮನೆಯವರು’ ಎಂದಂತಾಯಿತು.

ಉತ್ತರದ ರಾಜಕೀಯವೂ ಸರಳವಾಗಿರಲಿಲ್ಲ. ನಮ್ಮಲ್ಲಿ ದೊಡ್ಡ ಮಠಗಳಿಗೆ ಭಕ್ತವೃಂದ ಇರುವಂತೆ ಅಲ್ಲಿ ಎರಡು ಗುರುಪರಂಪರೆಗಳು. ಒಂದು ಮಹ್ದಿಯ ಮಗ ಸಯ್ಯಿದ್ ಅಬ್ದುಲ್ ರಹಮಾನರದು. ಅವರ ಭಕ್ತರು ಅನ್ಸಾರರು, ಅವರ ಪಕ್ಷ ಉಮ್ಮಾ. ಸುಡಾನ್ ಸ್ವತಂತ್ರವಾಗಿ ನಿಲ್ಲಬೇಕೆಂಬುದು ಅವರ ನಿಲುವು. ಇನ್ನೊಂದು ಸಯ್ಯಿದ್ ಅಲಿ ಅಲ್ ಮೀರ್ಘನಿಯವರ ಖತ್ಮಿಯಾ ಪಂಥ. ಮಹ್ದಿಯ ಮನೆತನ ಮತ್ತೆ ಸಿಂಹಾಸನವೇರೀತೆಂಬ ಭಯದಿಂದ ಅವರು ಈಜಿಪ್ಟಿನ ಕಡೆಗೆ ಒಲಿದಿದ್ದರು. ನೈಲ್ ಕಣಿವೆಯೆಲ್ಲ ಒಂದಾಗಬೇಕೆಂದು ಹೇಳುತ್ತಿದ್ದ ಸಣ್ಣಪುಟ್ಟ ಪಕ್ಷಗಳು 1952ರ ಕೊನೆಯಲ್ಲಿ ಕೈರೋದಲ್ಲಿ ಒಂದಾಗಿ ರಾಷ್ಟ್ರೀಯ ಐಕ್ಯ ಪಕ್ಷವಾಯಿತು. ಅದರ ನಾಯಕ ಇಸ್ಮಾಯಿಲ್ ಅಲ್ ಅಜ್ಹರಿ, ಹಿಂದೆ ಗಣಿತದ ಮೇಷ್ಟರಾಗಿದ್ದವರು.

ಅದೇ 1952ರಲ್ಲಿ ಈಜಿಪ್ಟಿನಲ್ಲಿ ಸೈನಿಕ ಕ್ರಾಂತಿಯಾಗಿ ಜನರಲ್ ನಗೀಬ್ ಮುಂದೆ ಬಂದರು. ಸ್ವತಃ ಖಾರ್ಟೂಮಿನಲ್ಲಿ ಹುಟ್ಟಿದ್ದ ಅವರು ಸುಡಾನಿಗಳ ಆತ್ಮನಿರ್ಣಯದ ಹಕ್ಕನ್ನು ಒಪ್ಪಿಕೊಂಡರು. 1953ರ ಜನವರಿಯಲ್ಲಿ ಉತ್ತರದ ಪಕ್ಷಗಳೊಡನೆ, ಫೆಬ್ರುವರಿ 12ರಂದು ಬ್ರಿಟನ್ನಿನೊಡನೆ ಒಪ್ಪಂದವಾಯಿತು. ಮೊದಲು ಚುನಾವಣೆ, ಆಮೇಲೆ ಮೂರು ವರ್ಷದೊಳಗೆ ಸ್ವಯಮಾಡಳಿತದ ಮೂಲಕ ಆತ್ಮನಿರ್ಣಯ. ಇಬ್ಬರು ಯಜಮಾನರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದ್ದರಿಂದ ಮೂರನೆಯವರು ಬೇಕಾದರು. ಗವರ್ನರ್ ಜನರಲನ ಅಧಿಕಾರದ ಮೇಲೆ ಕಣ್ಣಿಡುವ ಆಯೋಗದಲ್ಲಿ ಪಾಕಿಸ್ತಾನದ ಒಬ್ಬರಿಗೆ ಸ್ಥಾನ ದೊರೆಯಿತು. ಚುನಾವಣಾ ಆಯೋಗದಲ್ಲಿ ಏಳು ಜನ: ಸುಡಾನಿಗಳು ಮೂವರು, ಬ್ರಿಟನ್, ಈಜಿಪ್ಟ್, ಅಮೆರಿಕಗಳಿಂದ ತಲಾ ಒಬ್ಬರು, ಅಧ್ಯಕ್ಷತೆ ಭಾರತೀಯನಿಗೆ. ಹೀಗೆ ಸುಕುಮಾರ್ ಸೇನರು ಖಾರ್ಟೂಮಿಗೆ ಹೋದರು. ನಮ್ಮ ಚುನಾವಣೆ ಮುಗಿದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ.

ಕೆಳಮನೆಯ 97 ಸ್ಥಾನಗಳು ಹೇಗೆ ಹಂಚಿಹೋದವೆಂಬುದನ್ನು ಗಮನಿಸಿರಿ. ಮತದಾರ ನೇರವಾಗಿ ಸದಸ್ಯನನ್ನು ಆರಿಸುವ ಕ್ಷೇತ್ರಗಳು 35. ಊರಿನವರೂ ಕುಲದವರೂ ಮೊದಲು ತಮ್ಮ ಪ್ರತಿನಿಧಿಗಳನ್ನು ಆರಿಸಿ, ಆ ಪ್ರತಿನಿಧಿಗಳು ಸೇರಿ ಸದಸ್ಯನನ್ನು ಆರಿಸುವ ಪರೋಕ್ಷ ಕ್ಷೇತ್ರಗಳು 57. ಉಳಿದ ಐದು ಪದವೀಧರ ಕ್ಷೇತ್ರದ ಪಾಲು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ ಇಲ್ಲಿ ನೆನಪಾಗಬಹುದು. ಆದರೆ ಅಲ್ಲಿ ಪದವೀಧರನೆಂದರೆ ಪ್ರೌಢಶಾಲೆ ಮುಗಿಸಿದವನೆಂದೇ ಅರ್ಥ. ನೇರ ಕ್ಷೇತ್ರಗಳ ಸಂಖ್ಯೆ ಮೊದಲು ಇನ್ನೂ ಕಡಿಮೆಯಿತ್ತು, ಆಯೋಗವೇ ಅದನ್ನು ಹೆಚ್ಚಿಸಿತು. ವಯಸ್ಕ ಪುರುಷರಿಗೆ ಮಾತ್ರ ಮತ. ಹೆಂಗಸರಲ್ಲಿ ಪ್ರೌಢಶಾಲೆ ಮುಗಿಸಿದ ಬೆರಳೆಣಿಕೆಯ ಕೆಲವರಿಗೆ ಪದವೀಧರ ಕ್ಷೇತ್ರದ ಬಾಗಿಲು ತೆರೆಯಿತು. ಮೇಲ್ಮನೆಯ 50 ಸದಸ್ಯರಲ್ಲಿ 30 ಮಂದಿ ಚುನಾಯಿತರು, 20 ಮಂದಿ ಗವರ್ನರ್ ಜನರಲನಿಂದ ನೇಮಕವಾದವರು.

ಕ್ಷೇತ್ರಗಳ ಈ ವಿಂಗಡಣೆಯ ಹಿಂದೆ ಒಂದು ತರ್ಕವಿತ್ತು. ನೈಲ್ ತೀರದ ನೆಲೆನಿಂತ ಊರುಗಳಲ್ಲಿ, ಪಟ್ಟಣಗಳಲ್ಲಿ ನೇರ ಮತದಾನ. ದನಕರು ಹೊಡೆದುಕೊಂಡು ಅಲೆಯುವವರ ಬಯಲುಗಳಲ್ಲಿ, ದಕ್ಷಿಣದ ಬಹುಭಾಗದಲ್ಲಿ ಪರೋಕ್ಷ. ಮಳೆಗಾಲದಲ್ಲಿ ದಕ್ಷಿಣದ ಹಾದಿಗಳೆಲ್ಲ ಜವುಗಾಗುವ ದೇಶದಲ್ಲಿ ಬೇರೆ ಉಪಾಯ ಹೊಳೆಯದಿದ್ದುದು ಸಹಜವೇ. ಆದರೂ ಚುನಾವಣಾ ಕೆಲಸ ಮಾಡಿದ ನನ್ನಂಥವನಿಗೆ ಒಂದು ಪ್ರಶ್ನೆ ಕಾಡುತ್ತದೆ. ಪರೋಕ್ಷ ಚುನಾವಣೆಯಲ್ಲಿ ಮತದಾರನಿಗೂ ಸಭೆಗೂ ನಡುವೆ ಒಬ್ಬ ಮಧ್ಯಸ್ಥ ಬಂದು ನಿಲ್ಲುತ್ತಾನೆ. ಆತ ಕುಲದ ಹಿರಿಯನಿರಬಹುದು, ಸರಕಾರದ ಕೃಪೆಯುಳ್ಳವನಿರಬಹುದು. ಮತ ಯಾರದು, ಮಾತು ಯಾರದು ಎಂಬುದು ಅಲ್ಲಿ ಬೇರೆಬೇರೆಯಾಗಿಬಿಡುತ್ತದೆ.

1953ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ ಮತದಾನ ನಡೆಯಿತು. ಈಜಿಪ್ಟ್ ಹಣ ಸುರಿಯುತ್ತಿದೆಯೆಂದು ಬ್ರಿಟಿಷರು ದೂರಿದರು. ಬ್ರಿಟಿಷ್ ಅಧಿಕಾರಿಗಳು ತಮ್ಮವರ ಪರವಾಗಿ ಒತ್ತಡ ಹೇರುತ್ತಿದ್ದಾರೆಂದು ಈಜಿಪ್ಟ್ ದೂರಿತು. ಒಪ್ಪಂದಕ್ಕೆ ಮೊದಲೇ ಈಜಿಪ್ಟಿನ ಮೇಜರ್ ಸಲಾಹ್ ಸಾಲೆಂ ದಕ್ಷಿಣಕ್ಕೆ ಹೋಗಿ, ಅಲ್ಲಿನ ಜನರ ನಡುವೆ ಅರೆಬತ್ತಲೆಯಾಗಿ ಕುಣಿದು, ‘ಕುಣಿಯುವ ಮೇಜರ್’ ಎಂಬ ಬಿರುದನ್ನೇ ಸಂಪಾದಿಸಿದ್ದರು. ಮತ ಕೇಳುವವರು ವೇಷ ಹಾಕುವುದು ನಮಗೇನೂ ಹೊಸದಲ್ಲ. ಈ ಎಲ್ಲ ಗದ್ದಲದ ನಡುವೆ ಆಯೋಗ ತನ್ನ ಕೆಲಸ ಮುಗಿಸಿತು. ಫಲಿತಾಂಶವನ್ನು ಎರಡು ಸರಕಾರಗಳೂ ಒಪ್ಪಿದವು, ಸೋತ ಉಮ್ಮಾ ಪಕ್ಷವೂ ಸಂಸತ್ತಿಗೆ ಬಂದು ಕೂತಿತು. ರಾಷ್ಟ್ರೀಯ ಐಕ್ಯ ಪಕ್ಷಕ್ಕೆ 51, ಉಮ್ಮಾ ಪಕ್ಷಕ್ಕೆ 22, ದಕ್ಷಿಣದ ಪಕ್ಷಕ್ಕೆ 9, ಮಿಕ್ಕವು ಪಕ್ಷೇತರರಿಗೂ ಚಿಕ್ಕ ಪಕ್ಷಗಳಿಗೂ ಹೋದವು. 1954ರ ಜನವರಿಯಲ್ಲಿ ಅಜ್ಹರಿಯವರು ಪ್ರಧಾನಿಯಾದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಹೆಮ್ಮೆಯಿಂದ ನಾಲ್ಕು ಮಾತು ಹೇಳಿ ಕುಳಿತುಕೊಳ್ಳಬಹುದಿತ್ತು. ಹಾಗಾಗಲಿಲ್ಲ.

ಮೊದಲ ವಿಪರ್ಯಾಸ ಇದು. ಗೆದ್ದವರು ಈಜಿಪ್ಟಿನೊಡನೆ ಐಕ್ಯವನ್ನು ಹೇಳಿ ಮತ ಕೇಳಿದವರು. 1954ರ ಮಾರ್ಚ್ 1ರಂದು ಸಂಸತ್ತಿನ ಉದ್ಘಾಟನೆಗೆ ನಗೀಬರು ಬಂದಾಗ ಸಾವಿರಾರು ಅನ್ಸಾರರು ಖಾರ್ಟೂಮಿಗೆ ನುಗ್ಗಿದರು, ಬೀದಿಯಲ್ಲಿ ರಕ್ತ ಹರಿಯಿತು, ಉದ್ಘಾಟನೆಯನ್ನು ಮುಂದೂಡಬೇಕಾಯಿತು. ಐಕ್ಯವೆಂದರೆ ಅಂತರ್ಯುದ್ಧವೆಂಬುದು ಅಜ್ಹರಿಯವರಿಗೆ ಅಂದೇ ಮನದಟ್ಟಾಗಿರಬೇಕು. ಅದೇ ವರ್ಷದ ಕೊನೆಗೆ ಕೈರೋದಲ್ಲಿ ನಗೀಬರೂ ಪದಚ್ಯುತರಾದರು. ಅಜ್ಹರಿ ಮೆಲ್ಲನೆ ದಿಕ್ಕು ಬದಲಿಸಿದರು. ಕೊನೆಗೆ 1955ರ ಡಿಸೆಂಬರ್ 19ರಂದು ಅದೇ ಸಂಸತ್ತು ಸ್ವಾತಂತ್ರ್ಯವನ್ನು ಘೋಷಿಸಿತು, 1956ರ ಜನವರಿ 1ರಂದು ಸುಡಾನ್ ಸ್ವತಂತ್ರವಾಯಿತು. ಮತ ಬಿದ್ದದ್ದು ಐಕ್ಯಕ್ಕೆ, ಫಲಿಸಿದ್ದು ಸ್ವಾತಂತ್ರ್ಯ. ಜನಾದೇಶ ಜನಾದೇಶ ಎಂದು ನಾವು ದಿನವೂ ಕೇಳುತ್ತೇವಲ್ಲ, ಅದನ್ನು ಓದುವುದು ಎಷ್ಟು ಕಠಿಣವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಬಹುಶಃ ಜನ ಕೇಳಿದ್ದು ಒಂದೇ: ಪರಕೀಯರು ಹೋಗಲಿ. ಮೊದಲು ಬ್ರಿಟಿಷರು, ಆಮೇಲೆ ಉಳಿದವರು.

ಎರಡನೆಯ ವಿಪರ್ಯಾಸ ಇನ್ನೂ ಘೋರವಾದದ್ದು. ಅದು ದಕ್ಷಿಣಕ್ಕೆ ಸಂಬಂಧಿಸಿದ್ದು.

1953ರ ಜನವರಿಯಲ್ಲಿ ಕೈರೋದವರು ಪಕ್ಷಗಳೊಡನೆ ಒಪ್ಪಂದ ಮಾಡಿಕೊಂಡರೆಂದು ಹೇಳಿದೆ. ಅಲ್ಲಿ ದಕ್ಷಿಣದ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಸ್ವಯಮಾಡಳಿತದ ಕಾನೂನಿನ ಮೊದಲ ಕರಡಿನಲ್ಲಿ ದಕ್ಷಿಣದ ಪ್ರಾಂತಗಳ ಹಿತರಕ್ಷಣೆ ಗವರ್ನರ್ ಜನರಲನ ವಿಶೇಷ ಹೊಣೆ ಎಂಬ ಕಲಮು ಇತ್ತು. ಒಪ್ಪಂದದ ನಂತರ ಆ ಕಲಮಿನಿಂದ ‘ದಕ್ಷಿಣ’ ಎಂಬ ಶಬ್ದವೇ ಮಾಯವಾಗಿ, ಎಲ್ಲ ಪ್ರಾಂತಗಳ ನಿವಾಸಿಗಳನ್ನೂ ನ್ಯಾಯವಾಗಿ ಸಮನಾಗಿ ಕಾಣಬೇಕೆಂಬ ಸಾಧಾರಣ ಮಾತು ಬಂತು. ಕರಡು ತಿದ್ದುವ ಕಸುಬಿನವನಾಗಿ ಹೇಳುತ್ತೇನೆ, ಒಬ್ಬರ ಹೆಸರನ್ನು ತೆಗೆದು ‘ಎಲ್ಲರೂ’ ಎಂದು ಬರೆಯುವುದು ನೋಡುವುದಕ್ಕೆ ಔದಾರ್ಯದಂತೆ ಕಾಣುತ್ತದೆ. ಎಷ್ಟೋ ಸಲ ಹೆಸರು ಹೋದವರ ಪಾಲಿಗೆ ಅದು ಬಾಗಿಲು ಮುಚ್ಚಿದಂತೆ.

97 ಸ್ಥಾನಗಳಲ್ಲಿ ದಕ್ಷಿಣಕ್ಕೆ ಸಿಕ್ಕಿದ್ದು 22. ಚುನಾವಣೆಯ ಸಮಯದಲ್ಲಿ ಬ್ರಿಟಿಷರು ತೆರವು ಮಾಡುವ ಹುದ್ದೆಗಳಲ್ಲಿ ದಕ್ಷಿಣದವರಿಗೆ ಆದ್ಯತೆ ಕೊಡುತ್ತೇವೆಂದು ಐಕ್ಯ ಪಕ್ಷ ಭರವಸೆ ಕೊಟ್ಟಿತ್ತು. 1954ರಲ್ಲಿ ಹುದ್ದೆಗಳ ಸುಡಾನೀಕರಣ ನಡೆಯಿತು. ಸುಮಾರು 800 ಹುದ್ದೆಗಳಲ್ಲಿ ದಕ್ಷಿಣದವರಿಗೆ ದೊರೆತದ್ದು ಆರು, ಅವೂ ಕೆಳದರ್ಜೆಯವು. ಸಮಿತಿ ನಿಯಮಗಳನ್ನು ಮುಂದಿಟ್ಟಿತು: ಸೇವಾ ಜ್ಯೇಷ್ಠತೆ, ವಿದ್ಯಾರ್ಹತೆ, ಅನುಭವ. ದಕ್ಷಿಣದವರಿಗೆ ಇವಾವುವೂ ಇರಲಿಲ್ಲ. ಬೇಲಿಯೊಳಗೆ ಬೆಳೆದವರಿಗೆ ಇರುವುದಾದರೂ ಹೇಗೆ? ಬ್ರಿಟಿಷ್ ಸಾಹೇಬನ ಕುರ್ಚಿಯಲ್ಲಿ ಉತ್ತರದ ಅರಬ್ಬಿ ಸಾಹೇಬ ಕುಳಿತದ್ದನ್ನು ದಕ್ಷಿಣದ ಹಳ್ಳಿಯವನು ಕಂಡ. ಅವನ ದೃಷ್ಟಿಯಲ್ಲಿ ಯಜಮಾನ ಬದಲಾಗಿದ್ದ, ಅಷ್ಟೇ.

1955ರ ಆಗಸ್ಟ್ 18ರಂದು ತೋರಿತ್ ಎಂಬಲ್ಲಿ ದಕ್ಷಿಣದ ಸೈನಿಕರು ದಂಗೆಯೆದ್ದರು. ಆ ಗಲಭೆಗಳಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಉತ್ತರದವರು. ಅವರಲ್ಲಿ ಹೆಂಗಸರು ಮಕ್ಕಳೂ ಇದ್ದರೆಂಬುದನ್ನು ಮರೆಯುವಂತಿಲ್ಲ. ಸ್ವಾತಂತ್ರ್ಯ ಘೋಷಣೆಗೆ ದಕ್ಷಿಣದ ಸದಸ್ಯರ ಮತ ಬೇಕಾದಾಗ, ಸಂಯುಕ್ತ ವ್ಯವಸ್ಥೆಯ ಬೇಡಿಕೆಯನ್ನು ‘ಪರಿಗಣಿಸಲಾಗುವುದು’ ಎಂದು ಮಾತು ಕೊಡಲಾಯಿತು. ಸರಕಾರಿ ಕಡತಗಳಲ್ಲಿ ಆ ಪದದ ಬೆಲೆ ಎಷ್ಟೆಂದು ಈ ಸಭೆಯಲ್ಲಿ ಕುಳಿತಿರುವ ನನ್ನ ಸಹೋದ್ಯೋಗಿಗಳಿಗೆ ಹೇಳಬೇಕಾಗಿಲ್ಲ. ಪರಿಗಣಿಸಿದರು, ತಿರಸ್ಕರಿಸಿದರು. 1958ರಲ್ಲಿ ಎರಡನೆಯ ಚುನಾವಣೆ ನಡೆದು, ಅದೇ ನವೆಂಬರಿನಲ್ಲಿ ಸೇನೆ ಅಧಿಕಾರ ಹಿಡಿಯಿತು. ಆಮೇಲಿನದು ದೀರ್ಘ ಯಾತನೆ. 1972ರಲ್ಲಿ ಆಡಿಸ್ ಅಬಾಬಾದ ಒಪ್ಪಂದ, 1983ರಲ್ಲಿ ಮತ್ತೆ ಯುದ್ಧ, 2005ರಲ್ಲಿ ಇನ್ನೊಂದು ಒಪ್ಪಂದ. 2011ರ ಜನವರಿಯಲ್ಲಿ ದಕ್ಷಿಣದವರ ಎದುರು ಕೊನೆಗೂ ಅವರದೇ ಆದ ಪ್ರಶ್ನೆಯನ್ನು ಇಟ್ಟಾಗ, ನೂರಕ್ಕೆ 98ಕ್ಕೂ ಹೆಚ್ಚು ಜನ ಬೇರೆಯಾಗುತ್ತೇವೆಂದರು. ಆ ವರ್ಷದ ಜುಲೈ 9ರಂದು ದಕ್ಷಿಣ ಸುಡಾನ್ ಪ್ರತ್ಯೇಕ ರಾಷ್ಟ್ರವಾಯಿತು. ಬೇರೆಯಾದ ಮೇಲೂ ಅಲ್ಲಿ ನೆಮ್ಮದಿ ನೆಲೆಸಲಿಲ್ಲ, 2013ರ ಡಿಸೆಂಬರಿನಲ್ಲಿ ಒಳಜಗಳ ಹೊತ್ತಿಕೊಂಡಿತು. 2023ರ ಏಪ್ರಿಲಿನಲ್ಲಿ ಉತ್ತರದಲ್ಲೂ ಎರಡು ಪಡೆಗಳು ಪರಸ್ಪರ ತಿರುಗಿಬಿದ್ದು ಖಾರ್ಟೂಮನ್ನೇ ರಣರಂಗ ಮಾಡಿದವು.

ಹಾಗಾದರೆ ಸುಕುಮಾರ್ ಸೇನರು ಸೋತರೆ? ಹಾಗೆ ಹೇಳುವುದು ಅನ್ಯಾಯ. ಅವರಿಗೆ ಒಪ್ಪಿಸಿದ್ದು ಎಣಿಕೆಯ ಕೆಲಸ, ಅದನ್ನು ಅವರು ಪ್ರಾಮಾಣಿಕವಾಗಿ ಮಾಡಿದರು. ಕನ್ನಡದಲ್ಲಿ ನಮಗೆ ಎರಡು ಶಬ್ದಗಳಿವೆ: ಎಣಿಕೆ ಮತ್ತು ಗಣನೆ. ನಿಘಂಟಿನಲ್ಲಿ ಎರಡಕ್ಕೂ ಒಂದೇ ಅರ್ಥ. ಆದರೆ ‘ನಮ್ಮನ್ನು ಅವರು ಗಣನೆಗೇ ತೆಗೆದುಕೊಳ್ಳಲಿಲ್ಲ’ ಎಂದು ನೊಂದು ಹೇಳುವವನ ಬಾಯಲ್ಲಿ ಗಣನೆಗೆ ಬೇರೆ ತೂಕ ಬರುತ್ತದೆ. ದಕ್ಷಿಣ ಸುಡಾನಿನವನು 1953ರಲ್ಲಿ ಎಣಿಕೆಗೆ ಬಂದ, ಗಣನೆಗೆ ಬರಲಿಲ್ಲ. ಎಣಿಕೆ ಚುನಾವಣಾಧಿಕಾರಿಯ ಹೊಣೆ. ಗಣನೆ ಗೆದ್ದವರ ಹೊಣೆ, ಹಾಗೂ ಗೆದ್ದವರ ನೆರೆಹೊರೆಯಲ್ಲಿ ಕುಳಿತ ನಮ್ಮಂಥವರ ಹೊಣೆ.

ಕೊನೆಯದಾಗಿ ನನ್ನದೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಈ ನಗರದ ಅಂಚಿನ ಒಂದು ಮತಗಟ್ಟೆಯಲ್ಲಿ ಸೂಕ್ಷ್ಮ ವೀಕ್ಷಕನಾಗಿ ಕೆಲಸ ಮಾಡಿದೆ. ಕೇಂದ್ರ ಸರಕಾರದ ನೌಕರರಿಗೆ ಈ ಹೊಣೆ ಬರುವುದನ್ನು ತಾವು ಬಲ್ಲಿರಿ. ನಮೂನೆಯಲ್ಲಿ ಹತ್ತಾರು ಪ್ರಶ್ನೆಗಳು, ಎಲ್ಲದಕ್ಕೂ ‘ಹೌದು’ ಅಥವಾ ‘ಇಲ್ಲ’. ಮಧ್ಯಾಹ್ನ ಹೊರಗೆ ಬಂದು ನಿಂತಾಗ, ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಿಂದ ಕೆಲಸಗಾರನೊಬ್ಬ ಬಂದ, ತಲೆಗೆ ಸುತ್ತಿದ ಟವಲ್ಲಿನ ತುಂಬ ಸಿಮೆಂಟಿನ ಧೂಳು. ನಾನು ಫೋನಿನಲ್ಲಿ ಕನ್ನಡ ಮಾತನಾಡಿದ್ದು ಅವನ ಕಿವಿಗೆ ಬಿದ್ದಿತ್ತು. ‘ಸಾಹೇಬ್ರ, ಈ ಪಾಳಿಯಾಗ ನಾವೂ ನಿಂದರಬಹುದೇನ್ರಿ?’ ಎಂದು ಕೇಳಿದ. ಯಾದಗಿರಿ ಕಡೆಯವನು. ಹೆಸರು ಊರಿನ ಪಟ್ಟಿಯಲ್ಲಿದೆ, ಹೆಂಡತಿ ಮಕ್ಕಳೊಡನೆ ಇಲ್ಲಿ ಇದ್ದು ಹನ್ನೊಂದು ವರ್ಷ. ಊರಿಗೆ ಹೋಗಿ ಮತ ಹಾಕಬೇಕೆಂದರೆ ನಾಲ್ಕು ದಿನದ ಕೂಲಿ, ಮೇಲೆ ಬಸ್ಸಿನ ಖರ್ಚು. ‘ಇಲ್ಲಿ ಹೆಸರಿದ್ದವರಿಗೆ ಮಾತ್ರಪ್ಪಾ’ ಎಂದೆ. ‘ಹೌದ್ರಿ, ಅದು ಬರೋಬ್ಬರಿನ’ ಎಂದು ಹೇಳಿ, ಒಂದಿಷ್ಟೂ ಕೋಪಗೊಳ್ಳದೆ, ತಿರುಗಿ ಮೆಟ್ಟಿಲು ಹತ್ತಿದ. ಸಂಜೆ ನನ್ನ ನಮೂನೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದೆ, ಮತದಾನ ಸುಗಮವಾಗಿ ನಡೆಯಿತೆಂದು ರುಜು ಹಾಕಿದೆ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆ ಮನುಷ್ಯನನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಸುಡಾನಿನ ಕಥೆಗೂ ಈ ಯಾದಗಿರಿಯವನಿಗೂ ಸಮೀಕರಣ ಹೂಡುತ್ತಿಲ್ಲ. ಅಲ್ಲಿ ನಾಡೇ ಒಡೆಯಿತು, ಇಲ್ಲಿ ಒಬ್ಬನ ಒಂದು ದಿನ ಹೋಯಿತು. ಆದರೆ ಅವನಿಗೆ ಕಾನೂನಿನಲ್ಲಿ ದಾರಿಯಿದೆ. ವಾಸ್ತವವಾಗಿ ನೆಲೆಸಿರುವ ಊರಿಗೆ ಹೆಸರು ವರ್ಗಾಯಿಸಿಕೊಳ್ಳಲು ನಮೂನೆ 8 ಇದೆ. ಬೇಕಾದದ್ದು ಅದನ್ನು ತುಂಬಿಕೊಡುವ, ವಿಳಾಸದ ದಾಖಲೆಗೆ ದಾರಿ ತೋರಿಸುವ, ಅವನ ಭಾಷೆ ಬಲ್ಲ ಒಬ್ಬ ಮನುಷ್ಯ. ಈ ನಗರದಲ್ಲಿ ಅಂಥವರು ಎಲ್ಲಿ ಸಿಕ್ಕಾರು? ಇಲ್ಲಿ, ಈ ಸಭಾಂಗಣದಲ್ಲಿ. ರಾಜ್ಯೋತ್ಸವಕ್ಕೆ ನಾವು ಹಾಕುವ ಪೆಂಡಾಲಿನಲ್ಲಿ ಒಂದು ಮೇಜು, ಎರಡು ಕುರ್ಚಿ, ನಾಲ್ಕು ಪೆನ್ನು ಇಟ್ಟರೆ ಸಾಕು. ಒಂದು ಕುರ್ಚಿಯಲ್ಲಿ ಕೂರಲು ನಾನು ಸಿದ್ಧನಿದ್ದೇನೆ. ಇನ್ನೊಂದಕ್ಕೆ ಯಾರು ಬರುತ್ತೀರೆಂದು ಕಾರ್ಯದರ್ಶಿಗಳಿಗೆ ತಿಳಿಸಿರಿ.